ಷರಾ

ದುರ್ಗದ ಜಿಲ್ಲಾಸ್ಪತ್ರೆಯ ಹಿಂಬದಿ ಕೋಣೆಯಲ್ಲಿ
ಆರು ತಿಂಗಳ ತುರ್ತು ಕರೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ,
ಶೇಂಗಾ ಬಿಡಿಸುವವಳಂತೆ.
ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ.
ಇಲ್ಲಿ ಜೊಳ್ಳೂ ಎಣಿಕೆಗೆ ಬರುತ್ತದೆ.

ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು,
ಸ್ಥಳ ಮುಟ್ಟಿದ ಹೊತ್ತು. ಕಳೆದು ಉಳಿದದ್ದೇ ಅಂಕ.
ಹೆದ್ದಾರಿಯಲ್ಲಿ ಬಿದ್ದವರಿಗೆ ಹನ್ನೊಂದು, ಹದಿಮೂರು ನಿಮಿಷ,
ಐಮಂಗಲದ ಬಳಿ ಮಗುಚಿದ ಈರುಳ್ಳಿ ಲಾರಿಗೆ ಒಂಬತ್ತೇ.
ಆ ಸಾಲಿಗೆ ಹಸಿರು ಬಣ್ಣ.
ಕ್ಲೀನರ್ ಹುಡುಗನಿಗೆ ತಲೆ ನೋಡುವ ಡಾಕ್ಟರು ಇಲ್ಲಿರಲಿಲ್ಲ,
ದಾವಣಗೆರೆಗೆ ಬರೆದುಕೊಟ್ಟರು,
ಭರಮಸಾಗರ ದಾಟುವಾಗ ಹೋದ.
ಹಸಿರು ಹಾಗೇ ಇದೆ.

ನಾನೂರ ಹನ್ನೆರಡನೆಯ ಸಾಲು ಕೆಂಪು.
ಮೊಳಕಾಲ್ಮೂರು ತಾಲ್ಲೂಕು, ಕರೆಕಲ್ಲಹಟ್ಟಿ,
ರಾತ್ರಿ ಎಂಟು ಐವತ್ತು.
ಕಾರಣ: ಕೀಟ ಕಡಿತ. ಆದ್ಯತೆ: ಮೂರು.
ತಲುಪಲು ಐವತ್ತೆರಡು ನಿಮಿಷ.

ಧ್ವನಿಮುದ್ರಿಕೆ ತರಿಸಿ ಕೇಳಿದೆ.
ಹೆಂಗಸಿನ ಏದುಸಿರು:
"ನಮ್ಮ ಪಾಲಯ್ಯಂಗೆ ಹುಳ ಮುಟ್ಟೈತೆ ಕಣಪ್ಪ, ಹುಳ."
ಅತ್ತಲಿನ ಹುಡುಗ, ಪಾಪ, ಕಲಿಸಿದ್ದನ್ನೇ ಕೇಳುತ್ತಾನೆ:
"ಯಾವ ಹುಳ ಅಮ್ಮಾ? ಜೇನಾ? ಚೇಳಾ?"
ಅವಳು ಸುಮ್ಮನಾಗುತ್ತಾಳೆ. ನಾಲ್ಕು ಸೆಕೆಂಡು.
ದೀಪ ಹಚ್ಚಿದ ಮೇಲೆ ಅದರ ಹೆಸರೆತ್ತಿದ್ದಕ್ಕೆ
ನನ್ನಜ್ಜಿ ನನ್ನ ಬಾಯಿಗೆ ಬಡಿದಿದ್ದಳು ಒಮ್ಮೆ.
ಆ ನಾಲ್ಕು ಸೆಕೆಂಡು ನನಗೆ ಗೊತ್ತು.
"ಹುಳ ಸ್ವಾಮಿ... ಉದ್ದಕಿರೋದು."
ಕೀಲಿಮಣೆ ಟಕ್ಕೆನ್ನುತ್ತದೆ. ಕೀಟ.

ಗಾಡಿಯಲ್ಲಿದ್ದವಳು ಮುಬೀನಾ. ಹುಡುಕಿ ಮಾತಾಡಿಸಿದೆ.
"ಮ್ಯಾಪು ಕೆರೆ ಏರಿಗೇ ಮುಗಿದೋಯ್ತು ಮೇಡಂ,
ಅಲ್ಲಿಂದಾಚೆ ಜನಾನೇ ದಾರಿ.
ತಿರುವಿಗೊಬ್ಬರು ಮೊಬೈಲ್ ಬೆಳಕು ಹಿಡಿದು ನಿಂತಿದ್ರು,
ಕೊನೇಲೊಂದು ಮಗು, ಬೀಡಿ ಲೈಟರ್ ಹಚ್ಚಿ ಹಚ್ಚಿ ಆರಿಸ್ತಿತ್ತು.
ರೆಪ್ಪೆ ಆಗಲೇ ಜೋತಿತ್ತು ಅವಂದು, ಮಾತು ತೊದಲ್ತಿತ್ತು.
ನಾಯಕನಹಟ್ಟೀಲಿ ಔಷಧಿ ನಾಲ್ಕೇ ಬಾಟ್ಲು.
ಅಲ್ಲಿಂದ ಚಳ್ಳಕೆರೆವರೆಗೂ ಉಸಿರಿನ ಚೀಲ ಒತ್ತಿದ್ದೀನಿ, ಈ ಕೈಲಿ.
ಕೈ ಸೋತಾಗ ಡ್ರೈವರಣ್ಣ ಮುಂದಿಂದ ಕೂಗ್ತಿದ್ದ:
ಒತ್ತು. ಬಿಡು. ಒತ್ತು. ಬಿಡು."

ಬೆಳಕು ಹಿಡಿದವರಿಗೆ ನನ್ನ ಹಾಳೆಯಲ್ಲಿ ಕಲಮಿಲ್ಲ.
ಕೈ ಸೋತದ್ದಕ್ಕೆ ಇಲ್ಲ.
ನಾಲ್ಕು ಬಾಟ್ಲಿಗೆ ಇದೆ: "ದಾಸ್ತಾನು ಲಭ್ಯ: ಹೌದು."

ಹಟ್ಟಿಗೂ ಹೋಗಿಬಂದೆ.
ಪಾಲಯ್ಯ ಬಳ್ಳಿ ಒಣಹಾಕುತ್ತಿದ್ದ, ಕಾಲು ಇನ್ನೂ ಕಪ್ಪು.
ಹೆಂಡತಿ ಮಜ್ಜಿಗೆ ಕೊಟ್ಟಳು, ಅದೇ ದನಿ.
ಫಾರಂ ಕಡೆ ಬಗ್ಗಿ ನೋಡಿ ಅವನು ಕೇಳಿದ:
"ನಮಗೆಷ್ಟು ನಂಬರು ಕೊಟ್ಟೆ ತಾಯಿ? ಪಾಸೋ?"
ಮಜ್ಜಿಗೆಗೆ ಉಪ್ಪು ಸಾಲದು ಎಂದೆ,
ಬೇರೇನೂ ತೋಚಲಿಲ್ಲ.

ಈಗ ಕಚೇರಿಯಲ್ಲಿ, ಐದೂವರೆ.
ನಾಳೆ ವರದಿ. ಸರಾಸರಿ ಹದಿನೆಂಟು ನಿಮಿಷ, ಚೆನ್ನಾಗಿದೆ.
ಸರಾಸರಿಗೆ ಕಾಲಿಲ್ಲ, ಕತ್ತಲಲ್ಲಿ ಏನನ್ನೂ ತುಳಿಯುವುದಿಲ್ಲ.
ಷರಾ ಕಲಮಿನಲ್ಲಿ ಜಾಗ ಎರಡೇ ಬೆರಳು.
ಜೋಗಿಮಟ್ಟಿಯ ಮೇಲೆ ಗಾಳಿಗಿರಣಿಗಳು ಇನ್ನೂ ಕಾಣುತ್ತಿವೆ,
ಹೊತ್ತಿದೆ, ಯಾರೂ ದೀಪ ಹಾಕಿಲ್ಲ.
ಬೇಗ ಬೇಗ ಬರೆದೆ:

ಹುಳ ಎಂದರೆ ಹಾವು.
ಹೆಸರು ಕೇಳುತ್ತಾ ಕೂರಬೇಡಿ. ಗಾಡಿ ಕಳಿಸಿ.