ಕಂದೀಲನ ಕಿವಿ

ಸುವಾರ್ತಮ್ಮ ಟೀಚರ್ ಬಂದಾಗ ನಾ ಪೈಪ ಹಿಡಿದು ನಿಂತಿದ್ದೆ,
ಚಿದ್ರಿ ರಸ್ತಾದ ಧೂಳ ಗುಲಾಬಿ ಎಲಿ ಮ್ಯಾಲ ಕುಂತಿತ್ತು.
ಅವರ ಹಿಂದ ಕಂದೀಲ,
ಮೈಯೆಲ್ಲಾ ಇಟ್ಟಂಗಿ ಬಣ್ಣ, ಬಾಲದ ತುದಿಗಿ ಮಾತ್ರ
ಯಾರೋ ಹಚ್ಚಿಟ್ಟು ಮರೆತಂಥ ಬೆಳಕು.

ಫೌಂಟನ್ ಗ್ರಾಸಿನ ಕುಂಡಾ ಮುಟ್ಟಿ ಕೇಳಿದ್ರು:
"ಮಾಳಪ್ಪಾ, ನಾಯಿ ಇರೋ ಮನಿಗಿ ಇದು ನಡೀತದೇನಪಾ?
ತಿಂದ್ರ ಏನರೆ ಆಗ್ತದೇನು?"
"ಹುಲ್ಲಲ್ರೀ ಟೀಚರ್, ಹುಲ್ಲು! ಎಮ್ಮಿ ತಿಂತದ, ಆಕಳ ತಿಂತದ,
ಹೊಟ್ಟಿ ಕೆಟ್ಟರ ನಾಯೀನೂ ಕರಿಕಿ ಹುಡುಕಿ ತಿಂತದ.
ಏನೂ ಆಗಂಗಿಲ್ರಿ."
ಆರು ಕುಂಡಾ. ಒಂದಕ್ಕ ನೂರಾ ಎಂಬತ್ತು.
ಆಟೋದಾಗ ಇಟ್ಟು ನಾನೇ ಹಗ್ಗ ಬಿಗದೆ.

ಸುಳ್ಳೇನಲ್ಲ ನಾ ಹೇಳಿದ್ದು.
ಅದರ ಎಲಿಯೊಳಗ ವಿಷ ಇಲ್ಲ.
ಕೇಳಿದಷ್ಟಕ್ಕ ಉತ್ತರ ಕೊಟ್ಟೆ,
ತಕ್ಕಡಿ ಸರಿ ಇತ್ತು, ತೂಕದ ಕಲ್ಲೂ ಸರಿ ಇತ್ತು.

ದಸರಾ ಮುಗಿದ ಮ್ಯಾಲ ಹುಲ್ಲು ತೆನಿ ಬಿಟ್ಟಿತ್ತು.
ಅವರ ಅಂಗಳದಾಗ ನೋಡಿದವರು ಮೂರು ಮಂದಿ
"ನಮಗೂ ಅದೇ ಬೇಕು" ಅಂತ ಕೇಳ್ಕೋತ ಬಂದ್ರು.
ಗಾಳಿ ಬಂದ್ರ ಕುದರಿ ಬಾಲದಂಗ ಬಾಗ್ತದಂತ,
ಸಂಜಿ ಬಿಸಲಿಗಿ ತಾಮ್ರ ಆಗ್ತದಂತ.

ಆಮ್ಯಾಲ ಒಂದಿನ ಟೀಚರ್ ಒಬ್ರೇ ಬಂದ್ರು.
ಪರ್ಸಿನಿಂದ ಔಷಧದ ಸಣ್ಣ ಬಾಟ್ಲಿ ತೆಗದು
ಕಟ್ಟಿ ಮ್ಯಾಲ ಇಟ್ರು. ಒಳಗ ಒಂದೇ ಒಂದು ಕಾಳು,
ಕಾಳಿಗೊಂದು ಒಣ ಬಾಲ.
"ನಾಲ್ಕು ದಿನ ತಲಿ ಕೊಡವಿತು ಮಾಳಪ್ಪ.
ಆಮ್ಯಾಲ ಕತ್ತು ವಾಲಿಸ್ಕೊಂಡೇ ನಡೀಲಿಕತ್ತಿತು,
ಯಾರೋ ಕಿವ್ಯಾಗ ಗುಟ್ಟು ಹೇಳ್ಲಿಕತ್ತಾರ ಅನ್ನೋ ಹಂಗ.
ದನದ ದವಾಖಾನಿಯೊಳಗ ಮಂಪರು ಕೊಟ್ಟು ಚಿಮಟಾ ಹಾಕಿ ಎಳದ್ರು.
ಡಾಕ್ಟರ್ ಅಂದ್ರು: ಇದಕ್ಕ ಹಿಂದ ಸರೀಲಿಕ್ಕ ಬರಂಗಿಲ್ಲ,
ಮುಂದಕ್ಕಷ್ಟೇ ಹೋಗ್ತದ."

ಇನ್ನೊಂದು ಪಂಜದಾಗ ಇತ್ತಂತ.

ಬೈಲಿಲ್ಲ ಅವರು. ಬೈದಿದ್ರ ಛಲೋ ಇತ್ತು.

ಬಾಟ್ಲಿ ಬಿಸಲಿಗಿ ಹಿಡಿದೆ.
ಈ ಕಾಳು ನನಗ ಗೊತ್ತು.
ಕುಂಡಾ ಬ್ಯಾರೆ, ಹೆಸರು ಇಂಗ್ಲಿಷು, ದರಾ ಬ್ಯಾರೆ,
ಆದ್ರ ನಮ್ಮಪ್ಪ ಹಟ್ಟಿ ಮುಂದ ಕುಂತು
ಕುರಿ ತೊಡಿ ಮ್ಯಾಲ ಕೆಡವಿಕೊಂಡು
ತುಪ್ಪಳದಾಗ ಬೆರಳಿಟ್ಟು ಒಂದೊಂದಾಗಿ ಕೀಳ್ತಿದ್ದದ್ದು
ಇದರ ಅಣ್ಣತಮ್ಮರನ್ನೇ.
ಕಂದೀಲ ಹಿಡಿಯೋ ಕೆಲಸ ನಂದು.
ನಿದ್ದಿ ಬಂದು ಕೈ ಬಾಗಿದ್ರ ಅಂತಿದ್ದ,
"ಎತ್ತಿ ಹಿಡಿ ಮಗಾ, ಇವತ್ತ ಬಿಟ್ರ ನಾಳಿ ಎದಿಗಿ ಹೋಗ್ತದ."

ಅಷ್ಟು ವರ್ಷ ಬೆಳಕ ಹಿಡಿದವ
ಹೈದರಾಬಾದಿನ ಲಾರಿಯಿಂದ ಕುಂಡಾದಾಗ ಇಳದು ಬಂದಾಗ
ಗುರುತೇ ಹಿಡೀಲಿಲ್ಲ.
ಇಲ್ಲ, ಹಿಡಿದಿದ್ದೆ.
ಇಳಿಸೋ ದಿನ ಅಂಗಿ ತೋಳಿಗಿ ಒಂದು ಚುಚ್ಚಿಕೊಂಡಿತ್ತು.
ಕಿತ್ತು ಒಗದು
ಮುಂದಿನ ಕುಂಡಾ ಎತ್ತಿದ್ದೆ.

ರೊಕ್ಕ ಎಣಿಸಿಕೊಟ್ರ ಟೀಚರ್ ತಗೊಳ್ಳಲಿಲ್ಲ.
"ಈಗ ಹುಲ್ಲಿಗೇನು ಮಾಡ್ಲಿ ಹೇಳು.
ನೋಡ್ಲಿಕ್ಕ ಭಾಳ ಛಂದ ಅದ ಅದು."

ಅದಕ್ಕ ಕುಡಗೋಲ ತಗೊಂಡು ಅವರ ಅಂಗಳದಾಗ ಕುಂತೀನಿ.
ಎಲಿ ಇರಲಿ, ತೆನಿ ಬ್ಯಾಡ.
ವರ್ಷಾ ಹಾಲ್ಗಾಳಿನಾಗೇ ಕೊಯ್ಲಿಕ್ಕ ಬರ್ತೀನಂದೀನಿ.
ಬೀದಿಗಿ ಹಾರಿಹೋದ ಕಾಳಿಂದ ಮಾತು ಎತ್ತಿಲ್ಲ,
ಬೀದಿಯೊಳಗೂ ನಾಯಿ ಅವ.
ಆ ಮೂರು ಮನಿಗೂ ನಾಳಿ ಹೋಗಬೇಕು.

ಹೊತ್ತು ಮುಳುಗೇದ. ಕಸಬರಿಗಿಯಿಂದ ಮಣ್ಣ ಬಳದು
ಕೆಂಪು ನೆಲ ಮಾಡೀನಿ.
ಕಂದೀಲ ಬಂದು ನನ್ನ ಕೈ ಮೂಸಿತು,
ಕತ್ತು ಇನ್ನೂ ಒಂಚೂರು ವಾರಿ.
ತೊಡಿ ಮ್ಯಾಲ ಕೆಡವಿಕೊಂಡು
ಪಂಜದ ಸಂದಿ ಸಂದಿ ಬಿಡಿಸಿ ನೋಡ್ಲಿಕತ್ತೀನಿ.
ಮೊಬೈಲಿನ ಬೆಳಕು ಹಿಡಿದು ಟೀಚರ್ ಮಗ್ಗಲದಾಗ ಬಗ್ಗಿ ನಿಂತಾರ,
ಅವರ ಕೈ ಸಣ್ಣಗ ನಡಗ್ತದ.

ಎತ್ತಿ ಹಿಡೀರಿ ಟೀಚರ್,
ಇನ್ನಷ್ಟು.