ಹಂಗಾಮಿ

ಸಂತೇಪೇಟೆ ತಿರುವಿನಲ್ಲಿ
ತಕ್ಕಡಿ ರಿಪೇರಿಯವನ ಪಕ್ಕ ನನ್ನ ರೇಡಿಯಂ ಪೆಟ್ಟಿಗೆ ಅಂಗಡಿ.
ನಗರಸಭೆ ರಸೀದಿಯಲ್ಲಿ ‘ತಾತ್ಕಾಲಿಕ’ ಅಂತಿದೆ,
ಹದಿಮೂರು ವರ್ಷದಿಂದ.

ಕೆಎ ಹದಿಮೂರು ಅಂತ ದಿನಕ್ಕೆ ನಲವತ್ತು ಸಲ ಕೊರೆದು ಕೊರೆದು
ನಿದ್ದೆಯಲ್ಲೂ ಬೆರಳು ಆ ಮೂರರ ಹೊಟ್ಟೆ ತಿದ್ದುತ್ತದೆ,
ಹೆಂಡತಿ ಬೈಯುತ್ತಾಳೆ.

ಆಷಾಢ ಕಳೆದರೆ ಹೊಸ ಗಾಡಿಗಳ ಸುಗ್ಗಿ.
ಚಕ್ರದಡಿ ಹಿಚುಕಿದ ನಿಂಬೆಹಣ್ಣಿನ ಹುಳಿ ಆರುವ ಮೊದಲೇ
ಬಂದು ನಿಲ್ಲುತ್ತವೆ.
ಹಂಗಾಮಿ ನಂಬರಿಗೆ ಹಳದಿ ನೆಲ, ಕೆಂಪು ಅಕ್ಷರ,
ಅರಿಶಿನ ಕುಂಕುಮ ಇಟ್ಟ ಹಾಗೆ.
ನವೆಂಬರ್ ಬಾವುಟಕ್ಕೆ ತಂದ ಷೀಟು ಮಿಕ್ಕಿದ್ದರೆ
ಅದರಲ್ಲೇ ಎರಡು ಪ್ಲೇಟು ಎದ್ದು ಬರುತ್ತದೆ.
ಒಂದು ತಿಂಗಳ ಮಾತು ಅದು.
ಎರಡು ದೀಪಾವಳಿ ಕಂಡವನ್ನೂ ನಾನು ನೋಡಿದ್ದೇನೆ.

ಆತ ಬಂದದ್ದು ಸೋಮವಾರ, ಕರೆಂಟಿಲ್ಲದ ಹೊತ್ತು.
ಬಿಳೀ ಕಾರು. ಹೊಸದೇನಲ್ಲ,
ಸೀಟಿನ ಪ್ಲಾಸ್ಟಿಕ್ಕು ಮಾತ್ರ ಹೊಸದು.
‘ಕಾಗದ ಸಾರ್?’
‘ಆರ್‌ಟಿಓದಲ್ಲಿದೆ, ನೀನು ಬರಿಯಯ್ಯ.’
‘ನಂಬರು?’
‘ಯಾವ್ದೋ ಒಂದು.’
ಬ್ಲೇಡಿನ ಡಬ್ಬಿಯಡಿ ಐನೂರರ ನೋಟು ತಾನೇ ಸಿಕ್ಕಿಸಿದ.

ಯಾವುದೋ ಒಂದು ಅಂದರೆ
ಯಾವುದೂ ಹೊಳೆಯುವುದಿಲ್ಲ.
ಗೂಡಿನಲ್ಲಿ ಹಾಸನಾಂಬೆ ಪಟ, ಅದರ ಮಗ್ಗುಲಿಗೆ
ಅಪ್ಪನ ಕಂಡಕ್ಟರ್ ಬಿಲ್ಲೆ, ಹಿತ್ತಾಳೆಯದು.
ಎರಡು ಏಳು ನಾಲ್ಕು ಆರು.
ಕಣ್ಣು ಅಲ್ಲಿತ್ತು, ಕೈ ಇಲ್ಲಿ.

ಅಪ್ಪ ಅರಕಲಗೂಡು ರೂಟಿನವನು.
ಚಿಲ್ಲರೆ ಇಲ್ಲದಾಗ ಟಿಕೇಟಿನ ಬೆನ್ನಿಗೆ ಬರೆದುಕೊಟ್ಟು
ಇಳಿದು ಹೊರಟವರನ್ನೂ ಕೂಗಿ ಕರೆಯುತ್ತಿದ್ದ:
‘ಎಂಟಾಣೆ ಬಾಕಿ ಯಾರದ್ರೀ? ನಿಮ್ಮದೇ ಕಣ್ರೀ, ಬನ್ನಿ!’
ಬಸ್ಸು ತಡವಾಗುತ್ತಿತ್ತು. ಡ್ರೈವರು ಹಲ್ಲು ಕಡಿಯುತ್ತಿದ್ದ.

ಮೂರು ವಾರ ಕಳೆಯಿತು.
ಶುಕ್ರವಾರ ನಸುಕಿನಲ್ಲಿ, ಡೈರಿ ಸರ್ಕಲ್ ಹತ್ತಿರ
ಕಸದ ಗಾಡಿ ತಳ್ಳುತ್ತಿದ್ದ ಸಿದ್ದಾಜಮ್ಮನಿಗೆ ಗುದ್ದಿ
ನಿಲ್ಲಿಸದೆ ಹೋಯಿತಂತೆ.
ಸೊಂಟ ಮುರಿದಿದೆ. ಬದುಕಿದ್ದಾಳೆ.
ಜೊತೆಯಲ್ಲಿ ಗುಡಿಸುತ್ತಿದ್ದವಳಿಗೆ ಓದು ಬಾರದು,
‘ಅರಿಶಿನ ಕುಂಕುಮದ ಬೋರ್ಡು’ ಅಂದಳಂತೆ.
ಪೇಪರ್ ಹಾಕುವ ಹುಡುಗ ಮಾತ್ರ
ನಾಲ್ಕು ಅಂಕಿ ಅಂಗೈಯಲ್ಲಿ ಬರೆದುಕೊಂಡಿದ್ದ.

ಕಾನ್‌ಸ್ಟೇಬಲ್ ಚೆಲುವಯ್ಯ ಮಧ್ಯಾಹ್ನ ಬಂದರು.
‘ಕಂಪ್ಯೂಟರಲ್ಲಿ ಹುಡುಕಿದ್ವಪ್ಪ,
ಅಂಥಾ ನಂಬರೇ ಹುಟ್ಟಿಲ್ಲ.’
ಹುಟ್ಟಿತ್ತು ಸಾರ್.
ಮೂವತ್ತೊಂದು ವರ್ಷ ಖಾಕಿ ಅಂಗಿಯ ಮೇಲೆ ಬಾಳಿ
ರಿಟೈರ್ ಆಗಿ, ಸತ್ತು,
ಗೂಡಿನಲ್ಲಿ ಕೂತಿತ್ತು.
ಇದನ್ನು ನಾನು ಹೇಳಲಿಲ್ಲ.
ಗೂಡಿಗೆ ಬೆನ್ನು ಕೊಟ್ಟು ನಿಂತೆ, ಅಷ್ಟೆ.

‘ಆಯಮ್ಮನೂ ಪರ್ಮನೆಂಟ್ ಅಲ್ವಂತೆ,
ಗುತ್ತಿಗೆದಾರ ಫೋನೇ ಎತ್ತುತ್ತಿಲ್ಲ’ ಅಂತ
ಟೋಪಿ ತೆಗೆದು ತಲೆ ಒರೆಸಿಕೊಂಡರು.
‘ಹಂಗೇ ನನ್ನ ಬೈಕಿನ ನಂಬರೂ ಮಾಸಿದೆ,
ಒಂಚೂರು ಹೊಸದು ಅಂಟಿಸು.’
ಅಂಟಿಸಿದೆ. ಅವರದರಲ್ಲೂ ಒಂದು ಏಳಿತ್ತು.
ಬ್ಲೇಡು ಏಳರ ಮಂಡಿಯ ಹತ್ತಿರ ನಿಂತುಬಿಟ್ಟಿತು,
ನನ್ನ ಏಳಿಗೆ ಒಂದು ಸಣ್ಣ ಬಾಲ ಇರುತ್ತದೆ,
ನೋಡಿದವರಿಗೆ ಗೊತ್ತಾಗುತ್ತದೆ.
ಅವರು ನೋಡಲಿಲ್ಲ.
ದುಡ್ಡೂ ಕೊಡಲಿಲ್ಲ.

ಹೋದರು. ತಕ್ಕಡಿಯವನ ಹತ್ತಿರ ಬೆಂಕಿಪೊಟ್ಟಣ ಕೇಳುತ್ತ ನಿಂತರು.
ಬ್ಲೇಡಿನ ಡಬ್ಬಿ ಎತ್ತಿದೆ.
ನೋಟು ಹಾಗೇ ಇತ್ತು, ಮುರಿಸಿರಲಿಲ್ಲ,
ಯಾಕೆಂದು ಆವರೆಗೆ ಕೇಳಿಕೊಂಡಿರಲೂ ಇಲ್ಲ.

‘ಸಾರ್’ ಅಂದೆ.
ಅರಕಲಗೂಡು ಬಸ್ಸು ಹಾರ್ನು ಹೊಡೆಯುತ್ತ ತಿರುವಿನಲ್ಲಿ ಹಾಯಿತು.
ಅವರಿಗೆ ಕೇಳಿಸಲಿಲ್ಲ.
ಬಸ್ಸು ದಾಟಿ ಹೋಗಲಿ ಅಂತ ಕಾದೆ.
ಆಮೇಲೆ, ಅಪ್ಪ ಕೂಗುತ್ತಿದ್ದ ಹಾಗೆ,
ಎದೆಯಿಂದ.