ಎಷ್ಟರಲ್ಲಿ?

ಬೀದರಿನಲ್ಲಿ ಕಮ್ ಅಂದರೆ ಕಮ್ಮಿ.
ಅಲ್ ಐನ್‌ನಲ್ಲಿ ಕಮ್ ಅಂದರೆ ಎಷ್ಟು.
ಈ ಎರಡರ ನಡುವೆ ಕೂತಿದೆ ನನ್ನ ಎಂ.ಎಸ್ಸಿ.,
ಗುರುವಾರ ಸಂಜೆ ಆರರಿಂದ ಒಂಬತ್ತು,
ಎಸಿ ಜಾಸ್ತಿಯಾದ ಕೋಣೆಯಲ್ಲಿ,
ಒಂಟೆಹಿಕ್ಕೆಯ ವಾಸನೆ ಯಾರ ಬೂಟಿನದೆಂದು
ಯಾರೂ ಕೇಳದ ಹನ್ನೊಂದು ಜನರ ತರಗತಿಯಲ್ಲಿ.

ಹದಿನಾಲ್ಕು ವರ್ಷ ದೇವಣಿ ಹಸುಗಳ ಗರ್ಭದೊಳಗೆ
ಭುಜದವರೆಗೆ ಕೈ ಹಾಕಿದವಳು ನಾನು.
ಒಂದು ಹಸು, ಒಂದು ಜ್ವರ, ಒಂದು ಸೂಜಿ,
ಗೊತ್ತಿದ್ದ ಲೆಕ್ಕ ಅಷ್ಟೆ.
ಡಾಕ್ಟರ್ ಇಬ್ತಿಸಾಮ್ ಮೊದಲ ದಿನವೇ
ಬೋರ್ಡಿನ ಮೇಲೆ ಒಂದು ಅಡ್ಡಗೆರೆ ಎಳೆದರು,
ಮೇಲೆ ಏಳು ಎಂದು ಬರೆದರು, ಕೆಳಗೆ ಖಾಲಿ ಬಿಟ್ಟರು.
“ಏಳು ಸತ್ತವು ಅಂತ ಊರೆಲ್ಲ ಹೇಳುತ್ತದೆ.
ಎಷ್ಟರಲ್ಲಿ ಅಂತ ಕೇಳುವುದಕ್ಕೇ ನಿಮಗೆ ಸಂಬಳ.”

ಅಂಶ, ಛೇದ.
ಐದನೇ ಕ್ಲಾಸಿನಲ್ಲಿ ಕಾಶೀಬಾಯಿ ಟೀಚರು
ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದು
ನನಗಿಂತ ಮೊದಲೇ ಇಲ್ಲಿಗೆ ಬಂದು ಕಾದಿತ್ತು.

ಆದರೆ ಒಂಟೆಸಂತೆಯಲ್ಲಿ ಛೇದ ನಿಂತಲ್ಲಿ ನಿಲ್ಲುವುದಿಲ್ಲ.
ಎಣಿಸುತ್ತಿದ್ದ ಹಾಗೇ ಎರಡು ಮಾರಾಟವಾಗುತ್ತವೆ,
ಒಂದು ಈಯುತ್ತದೆ,
ಪಿಕಪ್ಪಿನಲ್ಲಿ ಮಂಡಿ ಮಡಚಿ ಕೂತ ಮತ್ತೊಂದು
ಕತ್ತೆತ್ತಿಕೊಂಡು, ಯಾರಿಗೂ ಹೇಳದೆ,
ಬುರೈಮಿಯ ಕಡೆ ಹೊರಟುಹೋಗುತ್ತದೆ.
ಮೂಗಿಗೆ ಹತ್ತಿಕಡ್ಡಿ ತೂರಿಸಿದರೆ
ಅರೆದ ಹಸಿರು ಮೇವು ನನ್ನ ಕನ್ನಡಕಕ್ಕೆ.
ಇಪ್ಪತ್ತಾರನೇ ದೊಡ್ಡಿಯ ಓಹಾಜ್ ನಗುತ್ತಾನೆ,
ತುಟಿ ಹಿಡಿದ ಹಿಡಿತ ಬಿಡದೆ. ನಗು ಕೆಮ್ಮಾಗುತ್ತದೆ.

ನನ್ನ ಪ್ರಶ್ನಾವಳಿಯಲ್ಲಿ ನಲವತ್ನಾಲ್ಕು ಪ್ರಶ್ನೆ.
ಒಂಟೆಯ ವಯಸ್ಸು, ಮೇವು, ತಳಿ, ನೀರಿನ ತೊಟ್ಟಿ.
ಒಂಟೆ ಹಿಡಿದವನ ಬಗ್ಗೆ ಒಂದೂ ಇಲ್ಲ.
ನಲವತ್ತೈದನೆಯದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ,
ಅವನ ನಂಬರನ್ನು ಕೈಗವಸಿನ ಪೊಟ್ಟಣದ ಮೇಲೆ.

ಸಂತೆಯ ನಂಟುಗಳನ್ನೆಲ್ಲ ರೋಮೆಲ್
ಲ್ಯಾಪ್‌ಟಾಪಿನಲ್ಲಿ ಚುಕ್ಕಿ, ಗೆರೆ ಮಾಡಿ ತೋರಿಸಿದಾಗ
ರಂಗೋಲಿ ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.
ರಂಗೋಲಿಯ ಚುಕ್ಕಿ ಕೆಮ್ಮುವುದಿಲ್ಲ,
ಗೆರೆಯನ್ನು ಯಾರೂ ರಾತ್ರಿ ಲಾರಿಗೆ ಹೇರುವುದಿಲ್ಲ.

ಅಬುಧಾಬಿಯ ಹೋಟೆಲಿನ ಸಮ್ಮೇಳನದಲ್ಲಿ
ಪರಿಚಯಕ್ಕೆಂದೇ ಒಂದು ಗಂಟೆ ಇಟ್ಟಿದ್ದರು.
ಒಂದು ಕೈಯಲ್ಲಿ ಕಹ್ವಾ, ಒಂದರಲ್ಲಿ ಖರ್ಜೂರ,
ಕಾರ್ಡು ಕೊಡಲು ಮೂರನೇ ಕೈ ಎಲ್ಲಿಂದ ತರುವುದು?
ಮೂವತ್ತೊಂದು ಕಾರ್ಡು ತಂದೆ.
ಮೂವತ್ತೊಂದು ಜನಕ್ಕೂ ಪತ್ರ ಬರೆದೆ,
ನನ್ನ ಹೆಸರು, ಊರು, ಬೇಕಾದ ಸಹಾಯ.
ಉತ್ತರ ಬಂದದ್ದು ಎರಡು.
ಒಂದು, ವಿಳಾಸ ತಪ್ಪಾಗಿದೆ ಎಂದು.
ಇನ್ನೊಂದು ಬುರೈಮಿಯ ಪಶುವೈದ್ಯ ಝಹ್ರಾನ್‌ದು:
ಯಾವ ಹೊತ್ತಿಗಾದರೂ ಫೋನು ಮಾಡಿ.
“ಶೇಕಡಾ ಆರೂವರೆ,” ಎಂದ ರೋಮೆಲ್,
“ಮದುವೆ ದಲ್ಲಾಳಿಗೆ ಇಷ್ಟೂ ಸಿಗುವುದಿಲ್ಲ.”

ಪರೀಕ್ಷೆ ಮುಗಿಯಿತು. ಕಪ್ಪು ನಿಲುವಂಗಿಯಲ್ಲಿ ಫೋಟೋ ಆಯಿತು.
ಕಾರ್ಡುಗಳು ಡ್ರಾಯರಿನಲ್ಲಿ,
ಕೈಗವಸಿನ ಪೊಟ್ಟಣವೂ ಅಲ್ಲೇ.

ರಾತ್ರಿ ಎರಡು ಹತ್ತಕ್ಕೆ ಓಹಾಜ್.
ಅವನದಿಷ್ಟು ಅರಬ್ಬಿ, ನನ್ನದಿಷ್ಟು ಹಿಂದಿ.
“ಡಾಕ್ಟರ್, ಐದು ಮರಿ ಮಲಗಿವೆ. ಏಳುತ್ತಿಲ್ಲ.”
ನಾನು ಬಾಯಿ ತೆರೆದೆ, ಕಮ್...
“ಅರವತ್ತೆರಡರಲ್ಲಿ,” ಎಂದ.
“ನಿನ್ನೆ ಅರವತ್ನಾಲ್ಕಿದ್ದವು. ಎರಡು ಗಡಿ ದಾಟಿದವು.
ಗಾಡಿಯ ನಂಬರು ಬರೆದಿಟ್ಟಿದ್ದೇನೆ.”

ದೀಪ ಹಾಕಿದೆ. ಕೈಗೆ ಸಿಕ್ಕಿದ್ದು
ಉತ್ತರಿಸದ ಇಪ್ಪತ್ತೊಂಬತ್ತರಲ್ಲಿ ಯಾವುದೋ ಒಂದು ಕಾರ್ಡು,
ಚಿನ್ನದ ಅಕ್ಷರದ್ದು. ತಿರುವಿ ಹಾಕಿ
ಅಡ್ಡಗೆರೆ ಎಳೆದೆ. ಮೇಲೆ ಐದು.
ಕೆಳಗೆ ಬರೆಯುವಾಗ ಕೈ ಸ್ವಲ್ಪ ನಡುಗಿತು.

“ನಿನ್ನ ಕೆಮ್ಮು?” ಎಂದೆ. ನಲವತ್ತೈದನೆಯ ಪ್ರಶ್ನೆ.
“ಕಮ್,” ಎಂದ ಓಹಾಜ್.
ಈ ಸಲ ಅದು ಬೀದರಿನ ಕಮ್.
ನಂಬಲಿಲ್ಲ. ಬೆಳಿಗ್ಗೆ ಅವನಿಗೂ ಒಂದು ಹತ್ತಿಕಡ್ಡಿ ಎಂದುಕೊಂಡು
ಝಹ್ರಾನ್‌ಗೆ ಫೋನು ಹಚ್ಚಿದೆ.
ಬೇಲಿಯಾಚೆಯ ದೇಶದಲ್ಲಿ, ಕತ್ತಲ ಕೋಣೆಯೊಂದರಲ್ಲಿ
ಅದು ಹೊಡೆದುಕೊಳ್ಳುತ್ತಲೇ ಇತ್ತು.